ಕಿತ್ತಳೆ ತೋಟದ ಕ್ರಿಸ್‌ಮಸ್ ಡೇರೆ

ಅನಾಹೈಮ್, ಕ್ಯಾಲಿಫೋರ್ನಿಯಾ
1955 ನವೆಂಬರ್ 13

ಪ್ರೀತಿಯ ಅಮ್ಮ,

ಬಂದು ಸೇರಿದೆ. ಬಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿದೆ, ಅದೊಂದು ಬಿಟ್ಟರೆ ಕ್ಷೇಮ. ಕಿತ್ತಳೆ ಕೀಳುವವರ ಕೇರಿಯಲ್ಲಿ ದೋನ್ಯಾ ಬ್ರೀಹಿದಾ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ನಾನು ಸರ್ಕಸ್ಸಿನವಳು ಎಂದಾಗ ಆಕೆ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಪ್ರಾಣಿಗೀಣಿ ತರಲ್ಲ ತಾನೆ?"

"ನಾನೊಬ್ಳೇ ಪ್ರಾಣಿ" ಎಂದೆ. ನಕ್ಕು ಒಳಗೆ ಬಿಟ್ಟಳು.

ಪಾರ್ಕು ಇಲ್ಲಿಂದ ನಡೆದು ಹೋಗುವಷ್ಟು ದೂರ. ಹೆಸರು ನೀನೂ ಕೇಳಿರುತ್ತೀಯ, ಪಕ್ಕದ ಮನೆಯ ಟೆಲಿವಿಷನ್‌ನಲ್ಲಿ ಬರುತ್ತದಲ್ಲ, ಡಿಸ್ನಿಲ್ಯಾಂಡ್. ಬೇಸಿಗೆಯಲ್ಲಿ ಬಾಗಿಲು ತೆರೆದದ್ದು. ಇದು ಅದರ ಮೊದಲ ಕ್ರಿಸ್‌ಮಸ್. ಹಬ್ಬ ಹೇಗೆ ಮಾಡಬೇಕೆಂದು ಇಲ್ಲಿ ಯಾರಿಗೂ ಇನ್ನೂ ಗೊತ್ತಿಲ್ಲ. ಬೀದಿಗೆ ಮರ ನಿಲ್ಲಿಸುತ್ತಾರಂತೆ, ಶಾಲೆಗಳಿಂದ ಹಾಡುವವರನ್ನು ಕರೆಸುತ್ತಾರಂತೆ, ಜೊತೆಗೆ ಒಂದು ಸರ್ಕಸ್. ಆ ಸರ್ಕಸ್ಸಿಗೆ ನಾವು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಶುರು.

ಡೇರೆ ದೊಡ್ಡದು, ಹೊಸ ಬಣ್ಣ. ಸರ್ಕಸ್ಸಿನವರು ಸೇರಿದಾಗ ಪಾರ್ಕಿನ ಕಡೆಯ ಒಬ್ಬ ಮನುಷ್ಯ, ಬಿಳಿ ಅಂಗಿ, ಒಳ್ಳೆಯ ಮುಖ, ಸ್ಟೂಲಿನ ಮೇಲೆ ಹತ್ತಿ ಹೇಳಿದ: "ಇಲ್ಲಿ ಮಕ್ಕಳು ಓಡಾಡ್ತಾರೆ. ಸಿಗರೇಟು ಡೇರೆ ಹಿಂದೆ. ಉಗುಳಬಾರ್ದು. ಬೈಬಾರ್ದು. ಯಾರಾದ್ರೂ ಎದುರಿಗೆ ಬಂದ್ರೆ ನಗ್ಬೇಕು." ಆನೆ ನೋಡಿಕೊಳ್ಳುವ ಮುದುಕ ಓಸ್ಕರ್ ಕೇಳಿದ, "ಆನೆಗೂ ಹೇಳ್ಲಾ ಸರ್?" ಆ ಮನುಷ್ಯ ಅದಕ್ಕೂ ನಕ್ಕ. ತನ್ನ ನಿಯಮ ತಾನೇ ಪಾಲಿಸಿದ.

ಒಂದೇ ಕಷ್ಟ. ಚಳಿ ಬಿದ್ದ ರಾತ್ರಿ ಹಣ್ಣು ಕೆಡದಿರಲೆಂದು ತೋಟದ ತುಂಬ ಎಣ್ಣೆ ಒಲೆ ಹಚ್ಚುತ್ತಾರೆ. ಬೆಳಗಾದರೆ ಒಣಹಾಕಿದ ಬಟ್ಟೆಗೆಲ್ಲ ಮಸಿ. ನೀನು ಹೊಲಿದ ಬಿಳಿ ಉಡುಪನ್ನು ದಿಂಬಿನ ಕವರಿನೊಳಗೆ ಇಟ್ಟಿದ್ದೇನೆ.

ಚೋಲೆ ದೊಡ್ಡಮ್ಮನಿಗೆ ಮುತ್ತು ಕೊಡು.

ನಿನ್ನ
ಅಂಪಾರೊ


ಸಾನ್ ಆಂಟೋನಿಯೊ, ಟೆಕ್ಸಾಸ್
1955 ನವೆಂಬರ್ 19

ಅಂಪಾರೊ,

ಕಾಗದ ತಲುಪಿತು. ಚೋಲೆಗೆ ಮುತ್ತು ಕೊಟ್ಟೆ. "ನಿನಗೇನು ಬಂತು ಇವತ್ತು, ಕೂಕಾ" ಎಂದು ಬೈದಳು.

ಉಡುಪು ದಿಂಬಿನ ಕವರಿನಲ್ಲಿ ಮುದುಡಿಕೊಂಡರೆ ಚಮಕಿ ಒಂದರ ಮೇಲೊಂದು ಉಜ್ಜಿ ಹೊಳಪು ಹೋಗುತ್ತದೆ. ಹಾಳೆ ಸುತ್ತಿ ಮಂಚದ ಕೆಳಗೆ ಉದ್ದಕ್ಕೆ ಮಲಗಿಸು. ನಿನಗೆ ಇದನ್ನೆಲ್ಲ ಹೇಳಿಕೊಡಬೇಕೆ, ಹುಟ್ಟಿದ್ದೇ ಸರ್ಕಸ್ ಗಾಡಿಯಲ್ಲಿ.

ಬೆಳಗ್ಗೆ ಏನಾದರೂ ತಿನ್ನು. ಹೊಟ್ಟೆ ಖಾಲಿ ಇದ್ದರೆ ಮೇಲೆ ಹೋದಾಗ ಕೈ ನಡುಗುತ್ತದೆ. ತುಂಬಿದ್ದರೆ ಇನ್ನೂ ಕೆಟ್ಟದ್ದು.

ಆನೆಯ ಬಗ್ಗೆ ಬರೆದೆ, ಬಿಳಿ ಅಂಗಿಯವನ ಬಗ್ಗೆ ಬರೆದೆ. ನಿನ್ನ ಜೋಕಾಲಿಯ ಹಗ್ಗ ಕಟ್ಟುವವರು ಯಾರು ಎಂದು ಬರೆಯಲಿಲ್ಲ. ಅದನ್ನು ಮೊದಲು ಬರೆಯಬೇಕು.

ಕಾಲು ಹಾಗೇ ಇದೆ. ಮಳೆ ಬರುವ ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ. ಚೋಲೆ ಬಟ್ಟೆ ಒಣಹಾಕುವ ಮೊದಲು ನನ್ನನ್ನು ಕೇಳುತ್ತಾಳೆ.

ನಿನ್ನ ತಾಯಿ
ರೆಫೂಹಿಯೊ


ಅನಾಹೈಮ್
1955 ನವೆಂಬರ್ 28

ಅಮ್ಮ,

ಶುರುವಾಯಿತು. ದಿನಾ ಮೊದಲು ಮೆರವಣಿಗೆ, ಆಮೇಲೆ ಡೇರೆಯಲ್ಲಿ ಪ್ರದರ್ಶನ. ಮೆರವಣಿಗೆ ಹೊರಡುವುದು ರೈಲು ನಿಲ್ದಾಣದ ಹತ್ತಿರದಿಂದ, ಅಂಗಡಿ ಬೀದಿಯ ಮಧ್ಯೆ ಹಾದು ಕೋಟೆಯವರೆಗೆ. ಕೆತ್ತನೆಯ ಹಳೆಯ ಸರ್ಕಸ್ ಗಾಡಿಗಳು, ಎಲ್ಲಿಂದಲೋ ಹುಡುಕಿ ತಂದು ಚಿನ್ನದ ಬಣ್ಣ ಹೊಡೆಸಿದ್ದಾರೆ. ಅದರಲ್ಲೊಂದರ ಮೇಲೆ ನಾನು. ಜನ ಎರಡೂ ಕಡೆ ಕಿಕ್ಕಿರಿದು ನಿಂತಿದ್ದರು. ಮಕ್ಕಳು ಗಾಡಿಯ ಜೊತೆ ಜೊತೆಗೇ ಓಡಿಬಂದರು. ಒಂದು ಪುಟ್ಟ ಹುಡುಗಿ ನನ್ನ ಕಾಲ್ಬೆರಳು ಮುಟ್ಟಿ, "ನಿಜವಾದವಳು" ಎಂದು ಅವಳಮ್ಮನಿಗೆ ಕೂಗಿ ಹೇಳಿತು.

ಇವರೆಲ್ಲ ನಮ್ಮ ಹಿಂದೆಯೇ ಡೇರೆಗೆ ಬರುತ್ತಾರೆ ಎಂದುಕೊಂಡೆ. ಮೇಲೆ ಹತ್ತಿ ಕೂತು ಕೆಳಗೆ ನೋಡಿದರೆ ಅರ್ಧ ಬೆಂಚು ಖಾಲಿ. ಇದ್ದವರೂ ಕೂತಲ್ಲಿ ಕೂರುವುದಿಲ್ಲ. ನಾನು ತೂಗುತ್ತಿರುವಾಗ ಒಂದು ಸಂಸಾರ ಎದ್ದು ಹೊರಟಿತು. ಅಪ್ಪ ಅಮ್ಮ ನಾಲ್ಕು ಮಕ್ಕಳು, ಸಾಲಾಗಿ. ಕೊನೆಯ ಮಗು ಬಾಗಿಲಲ್ಲಿ ನಿಂತು ನನಗೆ ಕೈ ಬೀಸಿತು, ಪಾಪ.

"ಚಳಿಗಾಲ, ಊರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ" ಎನ್ನುತ್ತಾರೆ ಮ್ಯಾನೇಜರ್. ಓಸ್ಕರ್ ಒಪ್ಪುವುದಿಲ್ಲ. "ಬೇರೆ ಊರಲ್ಲಿ ನಾವು ಬಂದ ದಿನ ಊರಲ್ಲಿ ಇನ್ನೇನೂ ಇರ್ತಿರ್ಲಿಲ್ಲ. ಇಲ್ಲಿ ನಾವು ಬಿಟ್ಟು ಎಲ್ಲಾ ಇದೆ" ಎಂದ.

ಹಗ್ಗದವರು ಒಳ್ಳೆಯವರೇ. ಚಿಂತೆ ಬೇಡ.

ಅಂಪಾರೊ


ಸಾನ್ ಆಂಟೋನಿಯೊ
1955 ಡಿಸೆಂಬರ್ 3

ಅಂಪಾರೊ,

ಖಾಲಿ ಬೆಂಚನ್ನು ನೋಡಬೇಡ. ಎದುರಿನ ಕಂಬ ನೋಡು. ತೋರ್ರೆಯೋನ್‌ನಲ್ಲಿ ದೂಳಿನ ಬಿರುಗಾಳಿ ಎದ್ದ ದಿನ ನಾನು ಬೆರಳಲ್ಲಿ ಎಣಿಸುವಷ್ಟು ಜನರ ಮುಂದೆ ಹಾರಿದ್ದೇನೆ, ಅವರಲ್ಲಿ ಒಬ್ಬ ಕುರುಡ.

ಹಗ್ಗದವರು ಅಂದರೆ ಯಾರು? ಅವರಿಗೆ ಹೆಸರಿಲ್ಲವೆ? ಕುಡಿಯುತ್ತಾರೆಯೆ? ಗಂಟು ಹಾಕಿದ ಮೇಲೆ ತಾವೇ ಒಮ್ಮೆ ಜೋತುಬಿದ್ದು ನೋಡುತ್ತಾರೆಯೆ, ಇಲ್ಲ ನಿನ್ನನ್ನೇ ಮೊದಲು ಹತ್ತಿಸುತ್ತಾರೆಯೆ?

ನೀನು ಚಿಕ್ಕವಳಿದ್ದಾಗಿನಿಂದಲೂ ಹೀಗೆ. ಹೇಳಬೇಕಾದದ್ದನ್ನು ಮುಚ್ಚಿಟ್ಟಾಗ "ಚಿಂತೆ ಬೇಡ" ಎನ್ನುತ್ತೀಯ. ಬರೆ.

ನಿನ್ನ ತಾಯಿ


ಅನಾಹೈಮ್
1955 ಡಿಸೆಂಬರ್ 9

ಅಮ್ಮ,

ಹಗ್ಗ ಕಟ್ಟುವವನು ಅಪ್ಪ.

ನಾನು ಬರುವಾಗ ನನಗೆ ಗೊತ್ತಿರಲಿಲ್ಲ, ದೇವರಾಣೆ. ಮೊದಲ ದಿನ ಡೇರೆಯೊಳಗೆ ಹೋದಾಗ ಕಂಬದ ತುದಿಯಲ್ಲಿ ಯಾರೋ ಒಬ್ಬರು ಬೆನ್ನು ಮಾಡಿ ಕೂತು ರಾಟೆಗೆ ಗ್ರೀಸ್ ಹಚ್ಚುತ್ತಿದ್ದರು. ಕೂತ ಭಂಗಿಯಲ್ಲೇ ಗುರುತು ಹತ್ತಿತು. ಕೆಳಗಿಳಿದು ಬಂದು ಎದುರು ನಿಂತ. ಕೂದಲು ಪೂರ್ತಿ ಬೆಳ್ಳಗಾಗಿದೆ. "ಎಷ್ಟು ತೂಕ ಇದ್ದೀಯ ಈಗ?" ಎಂದು ಕೇಳಿದ. ಆರು ವರ್ಷದ ಮೇಲೆ ಸಿಕ್ಕ ಮಗಳಿಗೆ ಕೇಳುವ ಮಾತೇ ಇದು? ನನಗೆ ನಗು ಬಂತು, ಅವನು ಮಾತ್ರ ನಗಲಿಲ್ಲ. "ಹಗ್ಗಕ್ಕೆ ಕೇಳ್ದೆ" ಎಂದ.

ಗಂಟು ಹಾಕಿದ ಮೇಲೆ ತಾನೇ ಜೋತುಬೀಳುತ್ತಾನೆ. ಬೆಳಗ್ಗೆ ಒಂದು ಸಲ, ಎರಡನೆಯ ಪ್ರದರ್ಶನಕ್ಕೆ ಮೊದಲು ಇನ್ನೊಂದು ಸಲ. ನಾನು ಮೇಲಿರುವಷ್ಟು ಹೊತ್ತು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿರುತ್ತಾನೆ. ಯಾರು ಕರೆದರೂ ತಿರುಗುವುದಿಲ್ಲ. ಲರೇಡೊದಲ್ಲಿ ನೀನು ಬಿದ್ದ ಆ ದಿನದಿಂದ ಈಚೆಗೆ ಅವನು ಆಟಕ್ಕೆಂದು ಮೇಲೆ ಹೋಗಿಲ್ಲವಂತೆ. ಯಾರ ಕೈಯನ್ನೂ ಹಿಡಿದಿಲ್ಲವಂತೆ. ಇದನ್ನು ಅವನು ಹೇಳಲಿಲ್ಲ, ಓಸ್ಕರ್ ಹೇಳಿದ.

ಮೊನ್ನೆ ಡೇರೆಯ ಹಿಂದೆ ಕೂತು ಊಟ ಮಾಡುವಾಗ, ತಟ್ಟೆ ನೋಡಿಕೊಂಡೇ ಕೇಳಿದ, "ಅಮ್ಮ ನಡೀತಾಳಾ?"

"ಕೋಲು ಹಿಡ್ಕೊಂಡು ನಡೀತಾಳೆ. ಸಿಟ್ಟು ಬಂದ್ರೆ ಕೋಲು ಬಿಟ್ಟೂ ನಡೀತಾಳೆ."

ಆಗ ನಕ್ಕ. ಇಲ್ಲಿಗೆ ಬಂದ ಮೇಲೆ ಮೊದಲ ಸಲ. ನಕ್ಕವನು ತಟ್ಟೆ ಅಲ್ಲೇ ಬಿಟ್ಟು, ಗೂಟ ನೋಡಿ ಬರ್ತೀನಿ ಎಂದು ಎದ್ದು ಹೋದ. ಗೂಟಗಳನ್ನು ಆಗಷ್ಟೇ ನೋಡಿ ಬಂದಿದ್ದ.

ಕೋಪ ಮಾಡಿಕೊಂಡರೂ ಪರವಾಗಿಲ್ಲ, ಉತ್ತರ ಬರೆ.

ಅಂಪಾರೊ


ಸಾನ್ ಆಂಟೋನಿಯೊ
1955 ಡಿಸೆಂಬರ್ 17

ಅಂಪಾರೊ,

ನಿನ್ನೆಯಿಂದ ಪೊಸಾದಾ ಶುರುವಾಗಿದೆ. ಕೇರಿಯವರು ಮೇರಿ ಜೋಸೆಫರ ಮೂರ್ತಿ ಹೊತ್ತು ಮನೆ ಮನೆ ಬಾಗಿಲಿಗೆ ಹಾಡುತ್ತಾ ಬರುತ್ತಿದ್ದಾರೆ. ನಮ್ಮ ಮನೆಯ ಸರದಿ ಇಪ್ಪತ್ತಕ್ಕೆ. ಚೋಲೆ ತಮಾಲೆ ಕಡುಬಿಗೆ ಮೆಕ್ಕೆಜೋಳದ ಹಿಟ್ಟು ನಾದಿ ನಾದಿ ತೋಳು ನೋಯಿಸಿಕೊಂಡಿದ್ದಾಳೆ. ನಾನು ಅದನ್ನು ಸುತ್ತುವ ಸಿಪ್ಪೆ ತೊಳೆದುಕೊಟ್ಟೆ.

ಕಾಗದ ನಾಲ್ಕು ದಿನ ಮೇಜಿನ ಮೇಲಿತ್ತು.

ಅವನು ಕಟ್ಟಿದ್ದಾದರೆ ಹಗ್ಗದ ವಿಷಯ ನಾನಿನ್ನು ಕೇಳುವುದಿಲ್ಲ.

ನಿನ್ನ ತಾಯಿ


ಅನಾಹೈಮ್
1955 ಡಿಸೆಂಬರ್ 22

ಅಮ್ಮ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಕೊನೆಯ ಸಾಲನ್ನು ಇನ್ನೊಂದು ಸಲ ಓದು ಎಂದ. ಓದಿದೆ.

ಇಲ್ಲಿ ಸಂಜೆ ಹೊತ್ತು ಶಾಲೆ ಮಕ್ಕಳು, ಚರ್ಚಿನವರು ಗುಂಪು ಗುಂಪಾಗಿ ಬಂದು ಬಯಲಲ್ಲಿ ನಿಂತು ಕ್ರಿಸ್‌ಮಸ್ ಹಾಡು ಹೇಳುತ್ತಾರೆ. ಒಂದೊಂದು ದಿನ ಒಂದೊಂದು ಊರಿನವರು. ಐಸ್‌ಕ್ರೀಮು ತಿನ್ನುತ್ತಾ ನಡೆದು ಹೋಗುತ್ತಿರುವವರು ಹಾಗೇ ನಿಂತುಬಿಡುತ್ತಾರೆ. ಯಾರೂ ಕೂರು ಎನ್ನುವುದಿಲ್ಲ, ಏಳು ಎನ್ನುವುದಿಲ್ಲ. ನಾನೂ ನಿನ್ನೆ ಉಡುಪಿನ ಮೇಲೆ ಕೋಟು ಹಾಕಿಕೊಂಡು ನಿಂತು ಕೇಳಿದೆ. ಪಕ್ಕದಲ್ಲಿ ಒಬ್ಬ ತಾತ ಅಳುತ್ತಿದ್ದರು. ಅಲ್ಲಿಂದ ಡೇರೆಗೆ ಬಂದರೆ ಮತ್ತೆ ಖಾಲಿ ಬೆಂಚು. ಹೊಸ ವರ್ಷದ ವಾರ ಕಳೆದ ಮೇಲೆ ಡೇರೆ ಇಳಿಸುತ್ತಾರೆ ಎಂದು ಎಲ್ಲರಿಗೂ ಗೊತ್ತು.

ಈಗ ವಿಷಯಕ್ಕೆ ಬರುತ್ತೇನೆ. ಪಾರ್ಕಿನ ಉಡುಪು ಕೋಣೆಯ ಮೇಲ್ವಿಚಾರಕಿ ಮಿಸೆಸ್ ಲೋಥ್ರಪ್ ನನ್ನನ್ನು ಕರೆಸಿದ್ದರು. ಮೆರವಣಿಗೆಯನ್ನು ಮುಂದಿನ ವರ್ಷವೂ ಮಾಡುತ್ತಾರಂತೆ, ದೊಡ್ಡದಾಗಿ. ಅಲ್ಲಿಯವರೆಗೂ ಬೇರೆ ಬೇರೆ ಕೆಲಸ ಇರುತ್ತದಂತೆ. ಇಲ್ಲೇ ಉಳಿಯುತ್ತೀಯಾ ಎಂದು ಕೇಳಿದರು. ನೆಲದ ಮೇಲಿನ ಕೆಲಸ, ಅಮ್ಮ. ನಡೆಯುವುದು, ಕೈ ಬೀಸುವುದು.

ನಾನು ಏನು ಹೇಳಲಿ? ನಿನ್ನ ಅಮ್ಮ ಹಾರಿದಳು, ನೀನು ಹಾರಿದೆ, ನನಗೆ ನಡೆಯಲು ಬರುವ ಮೊದಲೇ ಜೋಕಾಲಿಯಲ್ಲಿ ಕೂರಿಸಿದಿರಿ. ಅಪ್ಪನನ್ನು ಕೇಳಿದೆ. "ಕೆಳಗಿನ ವಿಷಯ ಆದ್ರೆ ನನ್ನ ಕೇಳು. ಮೇಲಿನದು ನಿನ್ನಮ್ಮನ್ನ ಕೇಳು" ಎಂದ.

ಕೇಳುತ್ತಿದ್ದೇನೆ. ಆದರೆ ಕಾಗದದಲ್ಲಿ ಬೇಡ. ಡೇರೆ ಇಳಿಯುವ ಮೊದಲು ನೀನೇ ಬಂದು ನನ್ನನ್ನು ಒಮ್ಮೆ ನೋಡಿ ಹೇಳು. ದೋನ್ಯಾ ಬ್ರೀಹಿದಾ ತನ್ನ ಮಂಚ ಬಿಟ್ಟುಕೊಡುತ್ತಾಳಂತೆ.

ನಿನ್ನ
ಅಂಪಾರೊ


ಅನಾಹೈಮ್
1956 ಜನವರಿ 5

ಅಕ್ಕ ಚೋಲೆ,

ನಾನು ಹೊರಟಾಗ ನೀನು ಗೇಟಿನಲ್ಲಿ ನಿಂತು "ಎರಡು ದಿನಕ್ಕೆ ವಾಪಸ್ ಬರ್ತೀಯ ನೋಡು" ಎಂದೆ. ವಾರವಾಯಿತು. ಸೊಂಟ ಬಸ್ಸಿನಲ್ಲಿ ನನ್ನನ್ನು ಶಪಿಸಿತು, ಈಗ ಸುಮ್ಮನಾಗಿದೆ. ಇಲ್ಲಿ ಮಳೆ ಇಲ್ಲ.

ನೀನು ಕೇಳಲು ಕಾದಿರುವುದನ್ನೇ ಮೊದಲು ಹೇಳುತ್ತೇನೆ. ಫಿದೆನ್ಸಿಯೊ ಬಸ್ ನಿಲ್ದಾಣಕ್ಕೆ ಬಂದಿರಲಿಲ್ಲ. ಅಪ್ಪನನ್ನು ಬಿಟ್ಟು ಅಂಪಾರೊ ಒಬ್ಬಳೇ ಬಂದಿದ್ದಳು. ಮಾರನೆಯ ದಿನ ಡೇರೆಯಲ್ಲಿ ನೋಡಿದೆ. ಟೊಪ್ಪಿ ತೆಗೆದ. "ಚೆನ್ನಾಗಿದ್ದೀಯಾ?" ಎಂದ. "ಇದ್ದೀನಿ" ಎಂದೆ. ಅಷ್ಟರಲ್ಲಿ ಬ್ಯಾಂಡು ಶುರುವಾಯಿತು, ಒಳ್ಳೆಯದೇ ಆಯಿತು.

ನನ್ನ ಮಗಳು ಹಾರಿದಳು, ಚೋಲೆ. ಆರು ವರ್ಷ ಆ ಕಡೆ ಮುಖ ಮಾಡಿರಲಿಲ್ಲ ನಾನು, ನಿನಗೆ ಗೊತ್ತು. ಅವಳು ಜೋಕಾಲಿಯ ಕೋಲಿನಿಂದ ಕೈ ಬಿಟ್ಟು ಹಿಂದಕ್ಕೆ ಜಾರಿ ಹಿಮ್ಮಡಿಯಲ್ಲೇ ಜೋತುಬಿದ್ದಾಗ ನನ್ನ ಹಿಮ್ಮಡಿ ಬೆಂಚಿನ ಕೆಳಗೆ ತಾನಾಗಿ ಬಿಗಿಯಿತು. ನನಗಿಂತ ಚೆನ್ನಾಗಿ ಮಾಡುತ್ತಾಳೆ. ಇದನ್ನು ಅವಳಿಗೆ ಹೇಳಿದೆ, ನಂಬಲಿಲ್ಲ.

ಆದರೆ ಇನ್ನೊಂದು ಹೇಳುತ್ತೇನೆ, ನಗಬೇಡ. ಅವಳ ಆಟ ಮುಗಿದ ಮೇಲೆ ಕುದುರೆಗಳು ಬಂದವು. ನನಗೆ ಕೂರಲಾಗಲಿಲ್ಲ. ಡೇರೆಯ ಸೀಳಿನಿಂದ ಹೊರಗೆ ಪಾರ್ಕಿನ ಹೊಳೆಯಲ್ಲಿ ಚಕ್ರ ತಿರುಗುವ ದೊಡ್ಡ ಬಿಳಿ ಹಡಗು ಕಾಣಿಸುತ್ತಿತ್ತು, ಅದರ ಕೂಗು ಕೇಳಿಸುತ್ತಿತ್ತು. ಅರವತ್ತರ ಹತ್ತಿರ ಬಂದ ಸರ್ಕಸ್ಸಿನವಳು ನಾನು, ನನಗೇ ಎದ್ದು ಹೋಗಿ ಆ ಹಡಗು ಹತ್ತಬೇಕು ಅನ್ನಿಸಿತು. ಹಾಗಾದರೆ ಮಕ್ಕಳದ್ದೇನು ತಪ್ಪು?

ಎದ್ದು ಹೋದೆ. ಬಾಗಿಲಲ್ಲಿ ಫಿದೆನ್ಸಿಯೊ ಇದ್ದ.

"ಎಲ್ಲಿಗೆ?"

"ಹಡಗಿಗೆ."

"ಒಬ್ಳೇ?"

"ಕಾಲಿದೆಯಲ್ಲ ನಿಂಗೂ."

ಬಂದ. ಹಲಗೆ ದಾಟುವಾಗ ಕೈ ಚಾಚಿದ. ನಾನು ನೋಡಿದೆ, ಹಿಡಿಯಲಿಲ್ಲ, ಕೋಲೂರಿ ದಾಟಿದೆ. ಮೇಲಿನ ಅಟ್ಟದಲ್ಲಿ ಕೂತೆವು. ಹಡಗು ದ್ವೀಪ ಸುತ್ತುವಷ್ಟು ಹೊತ್ತು ಮಾತಾಡಿದೆವು. ನಾನೇ ಅವನನ್ನು ಕೇಳಿದೆ. ಹೋಗು ಅಂದೆ ನಿಜ. ನಾನು ಬಿದ್ದ ಮೇಲೆ ನನ್ನನ್ನು ಮಂಚದಿಂದ ಮೇಜಿಗೆ, ಮೇಜಿನಿಂದ ಅಂಗಳಕ್ಕೆ ಮಗುವಿನ ಹಾಗೆ ಎತ್ತಿಕೊಂಡು ಓಡಾಡುತ್ತಿದ್ದೆಯಲ್ಲ, ನನಗೆ ಉಸಿರು ಕಟ್ಟಿತು, ಹೋಗು ಅಂದೆ. ಇಷ್ಟು ವರ್ಷ ಯಾಕೆ ಬರಲಿಲ್ಲ?

"ನೀನು ಕರೀಲಿಲ್ಲ" ಎಂದ.

"ಕರೀದಿದ್ರೆ ಬರ್ಬಾರ್ದು ಅಂತಿತ್ತಾ?"

"ಒಂದ್ಸಲ ನಾನಾಗೇ ಕೈ ಚಾಚಿದ್ದೆ, ಸಿಗ್ಲಿಲ್ಲ ನೀನು. ಆಮೇಲೆ ನಂಗೆ ನಾನಾಗೇ ಏನೂ ಮಾಡೋ ಧೈರ್ಯ ಬರ್ಲಿಲ್ಲ, ಕೂಕಾ."

ಲರೇಡೊದ್ದು ಯಾರ ತಪ್ಪೂ ಅಲ್ಲ. ಅವನ ಕೈ ಇರಬೇಕಾದಲ್ಲೇ ಇತ್ತು, ನನ್ನದೂ ಇರಬೇಕಾದಲ್ಲೇ ಇತ್ತು, ನಡುವೆ ಬೆರಳಿನಷ್ಟು ಗಾಳಿ ಇತ್ತು. ಅದನ್ನು ಅವನಿಗೆ ಹೇಳಿದೆ. ಈ ಮಾತು ಹೇಳಲು ಆರು ವರ್ಷ ಬೇಕಾಯಿತೆ ಎಂದು ನೀನು ಕೇಳುತ್ತೀಯ. ಬೇಕಾಯಿತು.

ಇಳಿಯುವಾಗ ಅವನು ಕೈ ಚಾಚಲಿಲ್ಲ. ಹಲಗೆ ಸ್ವಲ್ಪ ಅಲುಗುತ್ತಿತ್ತು. ನಾನೇ ಅವನ ತೋಳು ಹಿಡಿದುಕೊಂಡೆ.

ಅಂಪಾರೊಗೆ ಹೇಳಿದ್ದು ಇಷ್ಟೆ: "ನಂಗೋಸ್ಕರ ಮೇಲಿರ್ಬೇಡ. ನಂಗೆ ಹೆದರಿ ಕೆಳಗೂ ಇಳೀಬೇಡ. ಜನ ಡೇರೆಯಿಂದ ಎದ್ದು ಬೀದಿಗೆ ಹೋಗಿದಾರೆ. ಜನ ಇರೋ ಕಡೆ ಹೋಗೋದು ನಮ್ಮ ಕಸುಬು." ಅವಳು ಬಹಳ ಹೊತ್ತು ಕೈಯ ಒರಟು ಚರ್ಮ ಕೀಳುತ್ತಾ ಕೂತಿದ್ದಳು. ಮಾರನೆಯ ದಿನ ಮಿಸೆಸ್ ಲೋಥ್ರಪ್‌ಗೆ ಒಪ್ಪಿಗೆ ಹೇಳಿ ಬಂದಳು. ಬಂದವಳೇ ದೋನ್ಯಾ ಬ್ರೀಹಿದಾಳ ಅಡುಗೆ ಮನೆಯಲ್ಲಿ ಅತ್ತಳು. ನಾನು ತಡೆಯಲಿಲ್ಲ.

ಆ ಲೋಥ್ರಪ್ ಹೆಂಗಸು ಅಂಪಾರೊಳ ಉಡುಪನ್ನು ಒಳಗೂ ಹೊರಗೂ ತಿರುಗಿಸಿ ನೋಡಿ, ಹೊಲಿದವರು ಯಾರು ಎಂದು ಕೇಳಿದಳಂತೆ. ನಾಳೆ ನನ್ನನ್ನು ಬರಹೇಳಿದ್ದಾಳೆ. ಏನಾಗುತ್ತದೋ ನೋಡೋಣ.

ನನ್ನ ಹೂಕುಂಡಗಳಿಗೆ ನೀರು ಹಾಕು.

ನಿನ್ನ ತಂಗಿ
ಕೂಕಾ


ಎರ್ಮೊಸೀಯೊ, ಸೊನೋರಾ
1956 ಮೇ 20

ಮಗಳೇ ಅಂಪಾರೊ,

ನನ್ನ ಅಕ್ಷರ ನಿನಗೆ ಗೊತ್ತೇ ಇದೆ, ಕಷ್ಟಪಟ್ಟು ಓದು. ಅಲ್ಲಿಯ ಡೇರೆ ಇಳಿದ ಮೇಲೆ ಗಡಿ ದಾಟಿ ಬಂದೆನಲ್ಲ, ನಮ್ಮದು ಈಗ ಚಿಕ್ಕ ಡೇರೆ. ಒಂದು ಒಂಟೆ, ಐದು ನಾಯಿ, ಇಬ್ಬರು ಹಾರುವ ಹುಡುಗಿಯರು. ಅಕ್ಕತಂಗಿಯರು, ದಿನವಿಡೀ ಜಗಳ. ಅವರ ಹಗ್ಗ ನಾನೇ ಕಟ್ಟುತ್ತೇನೆ. ಇಲ್ಲಿ ಬೆಂಚು ತುಂಬುತ್ತದೆ, ಯಾಕೆಂದರೆ ಊರಲ್ಲಿ ಬೇರೇನೂ ಇಲ್ಲ.

ನಿನ್ನ ಕಾಲು ಊದುತ್ತದೆ ಎಂದು ಬರೆದಿದ್ದೆ. ಉಪ್ಪು ಹಾಕಿದ ಬಿಸಿ ನೀರಿನಲ್ಲಿಡು. ನಡೆಯುವ ಕೆಲಸಕ್ಕೆ ಒಗ್ಗಲು ಒಂದು ವರ್ಷ ಬೇಕು. ನಾನು ಮೇಲಿಂದ ಇಳಿದಾಗ ನನಗೂ ಹಾಗೇ ಆಗಿತ್ತು.

ಅಮ್ಮ ಅಲ್ಲೇ ಉಡುಪು ಕೋಣೆಯಲ್ಲಿ ಕೆಲಸಕ್ಕೆ ನಿಂತದ್ದು ಕೇಳಿ ಸಂತೋಷ. ಹೊಲಿಯುವಾಗ ದೀಪ ಎಡಗಡೆ ಇರಲಿ ಎಂದು ಹೇಳು. ನಾನು ಹೇಳಿದೆ ಅಂತ ಹೇಳಬೇಡ. ಹೇಳಿದರೂ ಹೇಳು.

ನಿನ್ನ ಅಪ್ಪ
ಫಿದೆನ್ಸಿಯೊ


ಅನಾಹೈಮ್
1956 ಡಿಸೆಂಬರ್ 2

ಫಿದೆನ್ಸಿಯೊ,

ನಾನು ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು, ಮದುವೆಗೆ ಮುಂಚಿನದನ್ನು ಬಿಟ್ಟರೆ. ಏನು ಬರೆಯಬೇಕೋ ತಿಳಿಯದೆ ಮೂರು ಹಾಳೆ ಹರಿದೆ. ಆದ್ದರಿಂದ ಇಲ್ಲಿಯ ಸುದ್ದಿಯನ್ನೇ ಬರೆಯುತ್ತೇನೆ.

ಈ ವರ್ಷ ಡೇರೆ ಇಲ್ಲ. ಸರ್ಕಸ್ಸಿನ ಮಾತೇ ಯಾರೂ ಎತ್ತಲಿಲ್ಲ. ಮರ ಮಾತ್ರ ಬಂದಿದೆ. ಹಾಡುವವರು ಹೋದ ಸಲಕ್ಕಿಂತ ಹೆಚ್ಚು ಬರುತ್ತಾರೆ. ಮೆರವಣಿಗೆಗೆ ನಾವು ಉಡುಪು ಕೋಣೆಯಲ್ಲಿ ಬೇಸಿಗೆಯಿಂದಲೇ ಕೂತಿದ್ದೇವೆ; ಹೊರಗೆ ಬಿಸಿಲು ಸುಡುತ್ತಿದ್ದಾಗ ಒಳಗೆ ನಾನು ಉಣ್ಣೆಯ ಟೊಪ್ಪಿಗಳಿಗೆ ಹತ್ತಿಯ ಹಿಮ ಹೊಲಿಯುತ್ತಿದ್ದೆ. ನನ್ನ ಪಕ್ಕ ಕೂರುವವಳು ನಾರ್ವೆಯವಳು, ಹಿಮ ಹೀಗಿರುವುದಿಲ್ಲ ಎಂದು ದಿನಾ ಹೇಳುತ್ತಾಳೆ. ನಾನು ನೋಡಿಲ್ಲ, ಹಾಗಾಗಿ ಜಗಳಕ್ಕೆ ಹೋಗುವುದಿಲ್ಲ.

ನಿನ್ನೆ ಬೀದಿಯಲ್ಲಿ ಒಮ್ಮೆ ನಡೆಸಿ ನೋಡಿದರು. ಅಂಪಾರೊ ಗಾಡಿಯ ಮೇಲೆ ನಿಲ್ಲಬೇಕಿತ್ತು. ಎಲ್ಲರೂ ಏಣಿ ತರಲು ಓಡಿದರು, ಅವಳು ಅಷ್ಟರಲ್ಲಿ ಚಕ್ರದ ಮೇಲೆ ಕಾಲಿಟ್ಟು ಮೇಲೆ ಹೋಗಿ ನಿಂತಿದ್ದಳು. ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ಆ ಕ್ಷಣ ಅವಳ ಮುಖ ನೀನು ನೋಡಬೇಕಿತ್ತು. ಈ ವರ್ಷವೆಲ್ಲ ನನಗೆ ಒಂದು ಭಯವಿತ್ತು, ಅವಳನ್ನು ಇಳಿಸಿ ಕೆಡಿಸಿದೆನೋ ಎಂದು. ನಿನ್ನೆ ಅದು ಹೋಯಿತು.

ಸೊಂಟ ಪರವಾಗಿಲ್ಲ. ಪಾರ್ಕಿಗೆ ನಡೆದೇ ಹೋಗುತ್ತೇನೆ, ನಡೆದೇ ಬರುತ್ತೇನೆ. ನಿಧಾನವಾಗಿ ನಡೆಯುವವರು ಜೊತೆಗಿದ್ದರೆ ಬೇಡ ಅನ್ನುವುದಿಲ್ಲ.

ನಿಮ್ಮ ಸರ್ಕಸ್ಸಿಗೆ ಕ್ರಿಸ್‌ಮಸ್ ವಾರ ರಜೆ ಎಂದು ಅಂಪಾರೊ ಹೇಳಿದಳು. ಬಾ. ರಜೆ ಮುಗಿದ ಮೇಲೆ ಹೋಗಲೇಬೇಕೆಂದೇನೂ ಇಲ್ಲ. ಇಲ್ಲಿ ಮೆರವಣಿಗೆಯ ಗಾಡಿಗಳಿಗೂ ಹಗ್ಗ ಬಿಗಿಯುವವರು ಬೇಕು, ಕೇಳಿ ನೋಡಿದ್ದೇನೆ. ನೊಗಾಲೆಸ್‌ನಲ್ಲಿ ಗಡಿ ದಾಟಿದರೆ ಬಸ್ಸು ಸಿಗುತ್ತದೆ. ಬರುವ ದಿನ ತಂತಿ ಕಳಿಸು, ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಾವೀಗ ದೋನ್ಯಾ ಬ್ರೀಹಿದಾಳ ಹಿತ್ತಲಿನ ಮನೆಯಲ್ಲಿದ್ದೇವೆ. ಎರಡೇ ಕೋಣೆ. ಒಂದು ಅಂಪಾರೊಳದು. ನನ್ನ ಕೋಣೆಯ ಕಿಟಕಿ ಪೂರ್ವಕ್ಕಿದೆ, ಬೆಳಕು ಬೇಗ ಬಂದು ಮುಖದ ಮೇಲೆ ಬೀಳುತ್ತದೆ. ನನಗೆ ಅಭ್ಯಾಸವಾಗಿದೆ. ನಿನಗೆ ನಿದ್ದೆ ಕೆಡುವುದಾದರೆ ಬರೆ, ಪರದೆ ಹೊಲಿದಿಡುತ್ತೇನೆ.

ಕೂಕಾ